ಝೀರೋ ವಿಮಾನದ ಬಗ್ಗೆ ಓದೋಕೆ ಎಲ್ಲಿಂದ ಶುರು ಮಾಡಲಿ?

ಎರಡನೇ ಮಹಾಯುದ್ಧದಲ್ಲಿ ಜಪಾನಿ ನೌಕಾಪಡೆ ಬಳಸಿದ ಝೀರೋ ಯುದ್ಧವಿಮಾನದ ಹುಚ್ಚು ಹತ್ತಿದವರೆಲ್ಲ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಪೈಲಟ್ ಸಬುರೊ ಸಕಾಯ್ ಅವರ ‘ಸಮುರಾಯ್!’ ಹಿಡಿದು ಕೂರುತ್ತಾರೆ. ಅದನ್ನು ಕೊನೆಗಿಡಿ.

ಮೊದಲು ಓದಬೇಕಾದ್ದು, ವಿಮಾನದ ವಿನ್ಯಾಸಕ ಜಿರೊ ಹೊರಿಕೋಶಿ ಅವರೇ ಬರೆದ ‘ಈಗಲ್ಸ್ ಆಫ್ ಮಿತ್ಸುಬಿಷಿ’ (ಇಂಗ್ಲಿಷ್ ಅನುವಾದ 1981). ವೇಗ ಬೇಕು, ದೂರ ಹಾರಬೇಕು, ಚಕ್ಕನೆ ತಿರುಗಬೇಕು ಎಂದು ಪಟ್ಟು ಹಿಡಿದ ನೌಕಾಪಡೆಗೆ ಕೊಡಲು ಅವರ ಬಳಿ ಇದ್ದದ್ದು ಸುಮಾರು 950 ಅಶ್ವಶಕ್ತಿಯ ಎಂಜಿನ್. ತೂಕ ಇಳಿಸದೆ ಬೇರೆ ದಾರಿಯಿರಲಿಲ್ಲ. ಪೈಲಟ್‌ಗೆ ರಕ್ಷಾಕವಚವಿಲ್ಲ, ಗುಂಡು ಬಿದ್ದರೆ ತಾನಾಗಿ ಮುಚ್ಚಿಕೊಳ್ಳುವ ಇಂಧನ ಟ್ಯಾಂಕ್ ಇಲ್ಲ. ಮುಂದೆ ಝೀರೋಗಳು ಅಷ್ಟು ಸುಲಭವಾಗಿ ಹೊತ್ತಿ ಉರಿದದ್ದು ಇದರಿಂದಲೇ. 1940ರ ಮಾರ್ಚ್‌ನ ಅಪಘಾತದ ಭಾಗವನ್ನು ನಿಧಾನವಾಗಿ ಓದಿ: ಎಲಿವೇಟರ್‌ನ (ಮೂತಿಯನ್ನು ಮೇಲೆ ಕೆಳಗೆ ಮಾಡುವ, ಬಾಲದಲ್ಲಿನ ಫಲಕ) ಸಮತೋಲನ ತೂಕ ಹಿಡಿದಿದ್ದ ತೋಳು ಮುರಿದು, ವಿಮಾನ ಗಾಳಿಯಲ್ಲೇ ಚೂರಾಗಿ ಪರೀಕ್ಷಾ ಪೈಲಟ್ ಸತ್ತರು. ಒಂದು ಸಣ್ಣ ತುಂಡು ಅಷ್ಟೇ.

ಆಮೇಲೆ ಜಾನ್ ಲಂಡ್‌ಸ್ಟ್ರಾಮ್ ಅವರ ‘ದಿ ಫಸ್ಟ್ ಟೀಮ್’, ಎರಡು ಸಂಪುಟ. ಅಮೆರಿಕ, ಜಪಾನ್ ಎರಡೂ ಕಡೆಯ ದಾಖಲೆಗಳನ್ನು ಒಂದಕ್ಕೊಂದು ತಾಳೆ ಹಾಕಿ ಬರೆದದ್ದು. ದಪ್ಪ, ಒಣ ಬರವಣಿಗೆ, ಆದರೆ ನಂಬಬಹುದು. ಎರಡನೇ ಸಂಪುಟದಲ್ಲಿ 1942ರ ಆಗಸ್ಟ್ 7ರಂದು ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದ ಮೇಲೆ ನಡೆದ ಕಾಳಗದ ಭಾಗ ಓದಿ ಮುಗಿಸಿ, ಆಗ ‘ಸಮುರಾಯ್!’ ತೆರೆಯಿರಿ. ಸಕಾಯ್ ತಲೆಗೆ ಗುಂಡು ತಗುಲಿದ್ದು ಅಂದೇ. ಅವರ ಪುಸ್ತಕ ಎದುರಿನ ಅಮೆರಿಕನ್ ವಿಮಾನಗಳನ್ನು ಅವೆಂಜರ್ (ಟಾರ್ಪಿಡೊ ಹಾಕುವ ವಿಮಾನ) ಎನ್ನುತ್ತದೆ. ನಿಜದಲ್ಲಿ ಅವು ಡಾಂಟ್ಲೆಸ್ ಬಾಂಬರ್‌ಗಳು. ಗಾಯಗೊಂಡು ತಮ್ಮ ನೆಲೆ ರಬೌಲ್‌ವರೆಗೆ ಹಾರಿದ್ದು ನಿಜ, 64 ವಿಮಾನ ಉರುಳಿಸಿದರೆಂಬ ಲೆಕ್ಕ ಮಾತ್ರ ಉಬ್ಬಿಸಿದ್ದು. ಸಹಲೇಖಕ ಮಾರ್ಟಿನ್ ಕೇಡಿನ್‌ಗೆ ನಾಟಕೀಯತೆ ಕೊಂಚ ಜಾಸ್ತಿಯೇ ಇಷ್ಟ.

ಬೇರೆ ಯಾವುದಾದರೂ ಪುಸ್ತಕ ಕೊಳ್ಳುವ ಮುಂಚೆ ಅದರಲ್ಲಿ ಅಲಾಸ್ಕಾದ ‘ಅಕುಟಾನ್’ ದ್ವೀಪದ ಬಗ್ಗೆ ಇರುವ ಪುಟ ತಿರುವಿ. 1942ರ ಜೂನ್ 4ರಂದು ಆ ದ್ವೀಪದ ಜೌಗಿನಲ್ಲಿ ಮಗುಚಿದ ಝೀರೋ ಅಮೆರಿಕನ್ನರ ಕಣ್ಣಿಗೆ ಬಿದ್ದದ್ದು ಜುಲೈನಲ್ಲಿ. ಅದನ್ನು ನೋಡಿಯೇ ಅಮೆರಿಕದ ಹೆಲ್‌ಕ್ಯಾಟ್ ಯುದ್ಧವಿಮಾನದ ವಿನ್ಯಾಸ ಮಾಡಿದರು ಅಂತ ಬರೆದಿದ್ದರೆ ಪುಸ್ತಕ ವಾಪಸ್ ಇಡಿ. ಹೆಲ್‌ಕ್ಯಾಟ್ ಮಾದರಿ ಜೂನ್ 26ಕ್ಕೇ ಹಾರಿತ್ತು. ಆ ಝೀರೋದಿಂದ ಸಿಕ್ಕಿದ್ದು ಯುದ್ಧತಂತ್ರದ ಪಾಠ: ಹೆಚ್ಚು ವೇಗದಲ್ಲಿ ಅದರ ಐಲರಾನ್ (ವಿಮಾನವನ್ನು ಪಕ್ಕಕ್ಕೆ ಓರೆ ಮಾಡುವ, ರೆಕ್ಕೆಯ ಅಂಚಿನ ಫಲಕ) ಬಿಗಿಯಾಗುತ್ತದೆ, ಮೂತಿಯನ್ನು ಥಟ್ಟನೆ ಕೆಳಗೆ ತಳ್ಳಿದರೆ ಎಂಜಿನ್ ಕೈಕೊಡುತ್ತದೆ.

ಬರ್ಮಾ, ಇಂಫಾಲ್ ಕಡೆಯ ನೆನಪುಗಳಲ್ಲಿ ಬರುವ ‘ಝೀರೋ’ಗಳು ಬಹುಮಟ್ಟಿಗೆ ಜಪಾನಿ ಭೂಸೇನೆಯ ಹಯಾಬುಸಾ ವಿಮಾನಗಳು. ನಮ್ಮ ಹತ್ತಿರ ನಿಜವಾದ ಝೀರೋ ನೋಡಿದ್ದು 1942ರ ಏಪ್ರಿಲ್‌ನಲ್ಲಿ ಕೊಲಂಬೊ ಮತ್ತು ಟ್ರಿಂಕೊಮಲಿ.