ಠರಾವಿಗೆ ಬಗ್ಗದ ಕೀಲಿ

ಸಂಘಗಳ ನೋಂದಣಿ, ಬೈಲಾ ರಚನೆ ಮತ್ತು ವಾರ್ಷಿಕ ಲೆಕ್ಕಪತ್ರ ಸಲ್ಲಿಕೆ ನನ್ನ ವೃತ್ತಿ. ಕ್ಷೇಮಾಭಿವೃದ್ಧಿ ಸಂಘ, ಹಳೆಯ ವಿದ್ಯಾರ್ಥಿಗಳ ಸಂಘ, ಭಜನಾ ಮಂಡಳಿ ಮುಂತಾದವುಗಳ ಬೈಲಾವನ್ನು ಕಣ್ಣು ಮುಚ್ಚಿ ಬರೆಯಬಲ್ಲೆನೆಂಬ ಹಮ್ಮು ನನಗಿತ್ತು. ಬ್ಯಾಂಕಿಲ್ಲದೆ ನಡೆಯುವ ಡಿಜಿಟಲ್ ಹಣವಾದ ಬಿಟ್‌ಕಾಯಿನ್‌ನಲ್ಲಿ ಆಸಕ್ತರಾದ ಬೆಂಗಳೂರಿನ ಕೆಲವರು ಬಂದು, ತಮ್ಮ ಟೆಲಿಗ್ರಾಂ ಗುಂಪನ್ನು ಸದಸ್ಯರೇ ನಡೆಸುವ ಸಂಘವನ್ನಾಗಿ ಮಾಡಿಕೊಡಬೇಕೆಂದು ಕೇಳಿದಾಗ, ಹಳೆಯದೊಂದು ಬೈಲಾದಲ್ಲಿ ಹೆಸರನ್ನೂ ಉದ್ದೇಶಗಳನ್ನೂ ಬದಲಿಸಿ ಮೊದಲ ಕರಡು ಕೊಟ್ಟುಬಿಟ್ಟೆ.

ನೋಂದಣಿಯ ಭಾಗ ಕಷ್ಟವಾಗಲಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಕನಿಷ್ಠ ಏಳು ಮಂದಿ ಸೇರಿ ಸಂಘ ಕಟ್ಟಬಹುದು. ಉಪಯುಕ್ತ ಜ್ಞಾನದ ಪ್ರಸಾರವೇ ಉದ್ದೇಶವೆಂದೂ, ಹೂಡಿಕೆ ಸಲಹೆ, ವಹಿವಾಟು, ಲಾಭ ಹಂಚಿಕೆ ಇವು ಯಾವುವೂ ಸಂಘದ ಕೆಲಸವಲ್ಲವೆಂದೂ ಸ್ಪಷ್ಟವಾಗಿ ಬರೆದೆವು. ಚಂದಾವನ್ನು ರೂಪಾಯಿಯಲ್ಲೇ ಪಡೆಯುವುದೆಂದು ತೀರ್ಮಾನವಾಯಿತು, ಏಕೆಂದರೆ 2022ರ ಏಪ್ರಿಲ್‌ನಿಂದ ಬಿಟ್‌ಕಾಯಿನ್‌ನಂಥ ಡಿಜಿಟಲ್ ಆಸ್ತಿಯ ವರ್ಗಾವಣೆಯ ಲಾಭಕ್ಕೆ ಶೇ. 30ರ ತೆರಿಗೆಯೂ, ಅದೇ ಜುಲೈನಿಂದ ಶೇ. 1ರ ಟಿಡಿಎಸ್ಸೂ ಜಾರಿಯಲ್ಲಿರುವಾಗ ಪ್ರತಿ ಚಂದಾಕ್ಕೂ ಆ ಲೆಕ್ಕ ಬರೆಯಲು ಯಾವ ಖಜಾಂಚಿಯೂ ಒಪ್ಪುವುದಿಲ್ಲ.

ಮೊದಲ ಜಗ್ಗಾಟ ಮತದಾನದ ಕುರಿತದ್ದು. ಯಾರ ಬಳಿ ಎಷ್ಟು ನಾಣ್ಯವಿದೆಯೋ ಅವರಿಗೆ ಅಷ್ಟು ಮತ ಎಂದು ಇಬ್ಬರು ಪಟ್ಟು ಹಿಡಿದರು. ಅವರ ವಾದ ಪೊಳ್ಳಲ್ಲ: ಒಬ್ಬನೇ ಹತ್ತು ಖಾತೆ ತೆರೆದು ಹತ್ತು ಮತ ಹಾಕುವುದಕ್ಕೆ ಖರ್ಚೇನೂ ಇಲ್ಲ, ಆದರೆ ಮತವನ್ನು ನಾಣ್ಯಕ್ಕೆ ಕಟ್ಟಿದರೆ ಅದನ್ನು ಹತ್ತು ಖಾತೆಗಳಿಗೆ ಹಂಚಿದರೂ ಒಟ್ಟು ಮತ ಹೆಚ್ಚುವುದಿಲ್ಲ. ಆದರೆ ನಾನು ಬೆಳೆದದ್ದು ಸಹಕಾರ ಸಂಘದ ಕಾರ್ಯದರ್ಶಿಯ ಮನೆಯಲ್ಲಿ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದ ಈ ನಾಡಿನಲ್ಲಿ, ಷೇರು ಎಷ್ಟೇ ಇರಲಿ ಮತ ಒಂದೇ ಎಂಬುದನ್ನು ಹಳ್ಳಿಯ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರಿಗೆ ಒಂದೇ ಮತವೆಂದಾದರೆ ಆ ಒಬ್ಬರು ಯಾರೆಂಬುದು ಸದಸ್ಯರ ಪುಸ್ತಕದಲ್ಲಿ ಹೆಸರು, ವಿಳಾಸ, ಗುರುತಿನ ದಾಖಲೆ ಸಮೇತ ಇರಲೇಬೇಕು. ಅಡ್ಡಹೆಸರಿನಲ್ಲೇ ಇರಬಯಸಿದವರನ್ನು ಮತವಿಲ್ಲದ ಹಿತೈಷಿಗಳೆಂದು ಇಟ್ಟುಕೊಂಡೆವು. ನೂರಾರು ಮಂದಿಯಿದ್ದ ಗುಂಪಿನಿಂದ ಮತದಾರ ಸದಸ್ಯರಾಗಲು ಮುಂದೆ ಬಂದವರು 41 ಮಂದಿ ಮಾತ್ರ, ಮತ್ತು ಅದರಿಂದ ಕೆಲವರು ನೊಂದುಕೊಂಡರು.

ನನ್ನ ಹಮ್ಮು ಇಳಿದದ್ದು ಜಯನಗರದ ಒಂದು ಮನೆಯ ಹಜಾರದಲ್ಲಿ ಕರಡನ್ನು ಓದುತ್ತಿದ್ದಾಗ. ‘ಸಂಘದ ನಿಧಿಯನ್ನು ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಖಜಾಂಚಿ, ಈ ಮೂವರಲ್ಲಿ ಇಬ್ಬರ ಜಂಟಿ ಸಹಿಯಿಂದ ನಿರ್ವಹಿಸತಕ್ಕದ್ದು’ ಎಂಬ, ನೂರು ಬೈಲಾಗಳಲ್ಲಿ ಬರೆದ ವಾಕ್ಯಕ್ಕೆ ಬಂದಾಗ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಕೈ ಎತ್ತಿದರು.

“ಸ್ವಾಮಿ, ಖಜಾಂಚಿ ಬದಲಾದರೆ ಠರಾವಿನ ನಕಲನ್ನು ಬ್ಯಾಂಕಿಗೆ ಕೊಡುತ್ತೇವೆ, ಆಮೇಲೆ ಹಳೆಯವರ ಸಹಿ ನಡೆಯುವುದಿಲ್ಲ. ದೇಣಿಗೆಯಾಗಿ ಬಂದ ಬಿಟ್‌ಕಾಯಿನ್ ವಿಷಯದಲ್ಲಿ ಠರಾವನ್ನು ಯಾರಿಗೆ ಕೊಡುವುದು?”

ನನ್ನಲ್ಲಿ ಉತ್ತರವಿರಲಿಲ್ಲ. ಸಾಫ್ಟ್‌ವೇರ್ ಕೆಲಸದ ಹುಡುಗಿಯೊಬ್ಬಳು ಪೆನ್‌ಡ್ರೈವ್ ಗಾತ್ರದ ಉಪಕರಣವನ್ನು ಮೇಜಿನ ಮೇಲಿಟ್ಟು, ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಐದು ಚೌಕಗಳನ್ನು ಬರೆದಳು. ಒಂದೊಂದು ಚೌಕವೂ ಒಂದೊಂದು ಕೀಲಿ, ಅಂದರೆ ಇಂಥ ಉಪಕರಣದಲ್ಲಿರುವ, ಸಹಿ ಮಾಡಲು ಬೇಕಾದ ರಹಸ್ಯ ಸಂಖ್ಯೆ. ಸಂಘಕ್ಕೆ ಬಂದ ದೇಣಿಗೆಯ ಬಿಟ್‌ಕಾಯಿನ್ ಇರುವ ವಿಳಾಸ (ಖಾತೆ ಸಂಖ್ಯೆಯಂಥದ್ದು) ಹುಟ್ಟುವುದೇ ಆ ಐದು ಕೀಲಿಗಳಿಂದ. ಅವುಗಳಲ್ಲಿ ಯಾವ ಮೂರು ಸಹಿ ಮಾಡಿದರೂ ಹಣ ಹೊರಡುತ್ತದೆ. ಒಂದು ಕೀಲಿಯನ್ನು ಬದಲಿಸಬೇಕಾದರೆ ಹೊಸ ಕೀಲಿಗಳಿಂದ ಬೇರೆಯೇ ವಿಳಾಸ ಮಾಡಿ, ಹಳೆಯ ಮೂವರ ಸಹಿಯಿಂದ ಹಣವನ್ನೆಲ್ಲ ಅಲ್ಲಿಗೆ ಸಾಗಿಸಬೇಕು. ಅಂದರೆ ಚುನಾವಣೆಯಲ್ಲಿ ಸೋತವರು ಮುನಿಸಿಕೊಂಡರೆ ಗೆದ್ದವರ ಕೈಗೆ ಬರುವುದು ನಡಾವಳಿ ಪುಸ್ತಕ ಮತ್ತು ರಬ್ಬರ್ ಮೊಹರು ಮಾತ್ರ.

ಆ ರಾತ್ರಿ ಆ ಒಂದು ವಾಕ್ಯ ಎರಡು ಪುಟವಾಯಿತು. ಎರಡು ಕೀಲಿಗಳು ಪದಾಧಿಕಾರಿಗಳಲ್ಲಿ, ಎರಡು ಆಡಳಿತ ಮಂಡಳಿಯಲ್ಲಿಲ್ಲದ, ಆದರೆ ಸರ್ವಸದಸ್ಯರ ಸಭೆಯಲ್ಲೇ ಆಯ್ಕೆಯಾದ ಸದಸ್ಯರಲ್ಲಿ, ಒಂದು ಹೊರಗಿನ ವಕೀಲರಲ್ಲಿ. ಹೀಗಾಗಿ ಯಾವ ಒಂದು ಬಣವೂ ತಾನೇ ಹಣ ತೆಗೆಯಲಾರದು. ಮೂರು ತಿಂಗಳಿಗೊಮ್ಮೆ ಐವರೂ ಒಂದು ಸಂದೇಶಕ್ಕೆ ಸಹಿ ಮಾಡಿ ಕೀಲಿ ತಮ್ಮಲ್ಲಿದೆಯೆಂದು ತೋರಿಸಬೇಕು. ಫಲಿತಾಂಶ ಘೋಷಣೆಯಾದ ಸಭೆಯಲ್ಲೇ ಹಣ ಹೊಸ ವಿಳಾಸಕ್ಕೆ ಸೇರಿ, ಆರು ಬ್ಲಾಕ್‌ಗಳ (ಬಿಟ್‌ಕಾಯಿನ್‌ನ ಸಾರ್ವಜನಿಕ ಲೆಕ್ಕಪುಸ್ತಕಕ್ಕೆ ಸೇರುವ ಹೊಸ ಪುಟಗಳ) ದೃಢೀಕರಣವಾಗುವವರೆಗೆ ಹಳೆಯ ಮಂಡಳಿಗೆ ಬಿಡುಗಡೆಯಿಲ್ಲ. ವಿಳಾಸವನ್ನು ಸದಸ್ಯರೆಲ್ಲರಿಗೂ ತಿಳಿಸಿದ್ದರಿಂದ ಶಿಲ್ಕನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಬಹುದು. ಈ ವಿಷಯದಲ್ಲಿ ಅವರು ನನ್ನ ಭಜನಾ ಮಂಡಳಿಗಳಿಗಿಂತ ಬಹಳ ಮುಂದು. 2012ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಬಿಟ್‌ಕಾಯಿನ್ ಫೌಂಡೇಶನ್ನಿನಲ್ಲೂ ಸದಸ್ಯರೇ ಮಂಡಳಿಗೆ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಆದರೂ ಬೊಕ್ಕಸ ಬರಿದಾಗುತ್ತಿದೆಯೆಂಬುದನ್ನು 2015ರಲ್ಲಿ ಹೊಸದಾಗಿ ಆಯ್ಕೆಯಾದ ನಿರ್ದೇಶಕರೊಬ್ಬರು ಬಹಿರಂಗವಾಗಿ ಹೇಳಬೇಕಾಯಿತು.

ಮೊದಲ ಅಧಿಕಾರ ಹಸ್ತಾಂತರದ ದಿನ ನಾನೂ ಹೋಗಿದ್ದೆ. ಕೀಲಿ ಹಿಡಿದಿದ್ದ ಒಬ್ಬರು ಉಪಕರಣದ ಪಿನ್ ಮರೆತಿದ್ದರು. ಸೋತಿದ್ದ ಖಜಾಂಚಿ ಬಂದಿರಲೇ ಇಲ್ಲ. ಉಳಿದ ಮೂವರ ಸಹಿಯಿಂದ ಮೊದಲು ಸ್ವಲ್ಪ ಮೊತ್ತವನ್ನು ಕಳುಹಿಸಿ ನೋಡಿ, ಅದು ತಲುಪಿದ ಮೇಲೆ ಉಳಿದದ್ದನ್ನು ಕಳುಹಿಸಿದರು. ದೃಢೀಕರಣಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಎರಡು ಸುತ್ತು ಕಾಫಿ ಆಯಿತು, ಖಜಾಂಚಿಯವರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಆರನೆಯ ಬ್ಲಾಕ್ ಬಂದ ಸಮಯವನ್ನು ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು, ಆಮೇಲೆ ವಂದನಾರ್ಪಣೆ ಮಾಡಿದರು.