ಬೇಸಿಗೆಗೆ ಕಟ್ಟಿದ ಮನೆಗೆ ಚಳಿಗಾಲದ ನೆಂಟರು

ಬನದ ಹುಣ್ಣಿಮೆ ದಾಟಿ ಎರಡನೇ ದಿನ, ಪುಷ್ಯ ಬಹುಳ ಬಿದಿಗೆಗೆ, ಗವಿಮಠದ ತೇರು. ಹೆಚ್ಚಿನ ವರ್ಷ ಜನವರಿಯಲ್ಲೇ ಬೀಳುತ್ತದೆ. ಆ ವಾರ ಕೊಪ್ಪಳದ ಮನೆಗಳಲ್ಲಿ ಬರೀ ಮನೆಮಂದಿ ಇರುವುದು ಅಪರೂಪ. ಎಂಟು ಜನಕ್ಕೆ ಹಾಸಿದರೆ ಹನ್ನೆರಡು ಜನ ಮಲಗುತ್ತಾರೆ. ಊಟಕ್ಕೇನೂ ಚಿಂತೆಯಿಲ್ಲ, ಮಠದಲ್ಲಿ ದಾಸೋಹ ನಡೆದಿರುತ್ತದೆ. ಚಿಂತೆಯೆಲ್ಲ ನೆಲದ್ದು.

ನಮ್ಮ ಕಡೆ ಮನೆ ಕಟ್ಟುವಾಗ ಕಣ್ಣ ಮುಂದಿರುವುದು ಏಪ್ರಿಲ್, ಮೇ. 40 ಡಿಗ್ರಿ ಬಿಸಿಲಲ್ಲೂ ಕಾಲು ತಣ್ಣಗಿರಲಿ ಅಂತ ಗ್ರಾನೈಟು, ಗಾಳಿ ಆಡಲಿ ಅಂತ ಎದುರುಬದುರು ಕಿಟಕಿ, ಹಳೇ ಮಾಳಿಗೆ ಮನೆಯಾದರೆ ನೆತ್ತಿ ಮೇಲೆ ಬೆಳಕಿಂಡಿ. ಜನವರಿಯ ಬೆಳಗಿನ ಜಾವ ಇವೆಲ್ಲ ತಿರುಗಿಬೀಳುತ್ತವೆ. ಹೊರಗೆ 15 ಡಿಗ್ರಿ ಆಸುಪಾಸು ಅಷ್ಟೇ, ದಿಲ್ಲಿಯವರು ಕೇಳಿದರೆ ನಕ್ಕಾರು. ಆದರೆ ಹೋದ ವರ್ಷ ಜಾತ್ರೆಗೆ ಬಂದ ದೊಡ್ಡಮ್ಮ ಬೆಳಿಗ್ಗೆ ಎದ್ದು ಹೇಳಿದ್ದು, "ಮ್ಯಾಲ ಹೊದ್ದಿದ್ದು ಬೆಚ್ಚಗೈತೆವ್ವ, ಕೆಳಗ ಯಾರೋ ನೀರ ಹೊಯ್ದಂಗ ಆಕ್ಕೈತಿ." ರೋಗ ಎಲ್ಲಿದೆ ಅಂತ ಅಷ್ಟರಲ್ಲೇ ಗೊತ್ತಾಯಿತು. ಈ ಸಲ ತೇರಿಗೆ ಮುಂಚಿನ ಭಾನುವಾರ ಪೂರ್ತಿ ಅದಕ್ಕೇ ಮೀಸಲು.

ಹತ್ತು ಗಂಟೆಗೆ ಕೌದಿಗಳು ಮಾಳಿಗೆ ಏರಿದವು. ಟ್ರಂಕಿನಲ್ಲಿದ್ದ ಹತ್ತಿ ಬಟ್ಟೆ ತೇವ ಹಿಡಿದಿರುತ್ತದೆ. ಕೈಗೆ ಒದ್ದೆ ಅನಿಸದಿದ್ದರೂ ಮೈಗೆ ತಂಪು ಗೊತ್ತಾಗುತ್ತದೆ. ಮಧ್ಯಾಹ್ನ ಒಂದಕ್ಕೆ ಮಗುಚಿ ಹಾಕಿ, ನಾಲ್ಕರೊಳಗೆ ಕೋಲಿನಿಂದ ಬಡಿದು, ಬಿಸಿ ಇರುವಾಗಲೇ ಮಡಚಿ ಒಳಗೆ ತರಬೇಕು. ಹೊತ್ತು ಇಳಿದ ಮೇಲೂ ಬಿಟ್ಟರೆ ಹಗಲೆಲ್ಲ ಒಣಗಿಸಿದ್ದು ವ್ಯರ್ಥ. ನುಸಿಗುಳಿಗೆ ವಾಸನೆ ಇದ್ದರೆ ಒಂದು ದಿನದ ಬಿಸಿಲು ಸಾಲದು, ಎರಡು ದಿನ ಬೇಕು.

ಬಿಸಿಲಲ್ಲಿ ಹರವಿದಾಗ ಕೌದಿಯ ಜಾತಕವೂ ತಿಳಿಯುತ್ತದೆ. ಮೂರು ನಾಲ್ಕು ಹಳೇ ಹತ್ತಿ ಸೀರೆ ಒಂದರ ಮೇಲೊಂದು ಇಟ್ಟು, ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ಹೊಲಿಗೆ. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ ಇರಬೇಕು. ಬೇಗ ಮುಗಿಯಲಿ ಅಂತ ನಾಲ್ಕು ಬೆರಳು ಬಿಟ್ಟರೆ ಮೊದಲ ಒಗೆತಕ್ಕೇ ಒಳಗಿನ ಸೀರೆ ಸರಿದು ಒಂದು ಮೂಲೆಯಲ್ಲಿ ಗಂಟಾಗುತ್ತದೆ. ಉಳಿದ ಕಡೆ ಬರೀ ಎರಡು ಪದರ, ಚಳಿ ನುಗ್ಗುವುದು ಅಲ್ಲೇ. ಬೆಚ್ಚಗಿಡುವುದು ಬಟ್ಟೆಗಿಂತ ಪದರಗಳ ನಡುವೆ ಸಿಕ್ಕ ಗಾಳಿ. ಅದಕ್ಕೇ ನುಣುಪು ಪಾಲಿಯೆಸ್ಟರ್ ಸೀರೆ ಒಳಪದರಕ್ಕೆ ಬೇಡ, ಜಾರುತ್ತದೆ. ಕೌದಿ ಹಸಿದಿರಬಾರದು ಅಂತ ಮುಗಿಸುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಟ್ಟು ಹೊಲಿಯುವವರೂ ಇದ್ದಾರೆ. ಇಲಿಗೂ ಆ ಸುದ್ದಿ ಗೊತ್ತು, ಹಾಗಾಗಿ ಟ್ರಂಕಿನ ಮುಚ್ಚಳ ಭದ್ರವಿರಲಿ.

ಇನ್ನು ಹಾಸುವ ಕ್ರಮ. ಎಲ್ಲರೂ ತಪ್ಪುವುದು ಇಲ್ಲೇ. ಇದ್ದಬದ್ದ ಕೌದಿಯೆಲ್ಲ ಮೇಲೆ ಹೊದಿಸಿ, ಕೆಳಗೆ ಚಾಪೆಯೊಂದೇ ಹಾಸುತ್ತಾರೆ. ಕಲ್ಲು ಮೈಯ ಕಾವನ್ನು ರಾತ್ರಿಯಿಡೀ ಎಳೆಯುತ್ತಲೇ ಇರುತ್ತದೆ, ಮೇಲೆ ಎಷ್ಟು ಹೊದ್ದರೂ ಅಷ್ಟೇ. ನಮ್ಮ ಲೆಕ್ಕ ಕೆಳಗೆ ಎರಡು, ಮೇಲೆ ಒಂದು. ಚಾಪೆ, ಅದರ ಮೇಲೆ ಕರಿ ಕಂಬಳಿ, ಅದರ ಮೇಲೆ ಕೌದಿ, ಚುಚ್ಚದಂತೆ ತೆಳು ಹಾಸು. ಮಗ್ಗದಿಂದ ಇಳಿದ ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುವುದು ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯಿಂದ. ಅದನ್ನು ಬಿಸಿನೀರಿಗೆ ಹಾಕಬೇಡಿ, ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಬಿಸಿಲಿಗೆ ಹಾಕಿ ಝಾಡಿಸಿದರೆ ಸಾಕು. ಕಂಬಳಿ ಸಾಲದಿದ್ದರೆ ಫ್ರಿಜ್, ಟಿವಿ ಬಂದ ರಟ್ಟಿನ ಡಬ್ಬಿ ಬಿಚ್ಚಿ ಎರಡು ಪದರ ಹಾಸಿ. ನೋಟಕ್ಕೆ ಬಡತನ ಅನಿಸಬಹುದು, ಆದರೆ ರಟ್ಟಿನೊಳಗಿನ ಅಲೆಅಲೆ ಪದರದಲ್ಲಿ ನಿಂತ ಗಾಳಿ ಕಂಬಳಿಯ ಕೆಲಸವನ್ನೇ ಮಾಡುತ್ತದೆ. ಮೇಲೆ ಜಮಖಾನ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ.

ಪಡಸಾಲೆಯ ದಕ್ಷಿಣದ ಕಿಟಕಿ ಹತ್ತಿರ ಆ ದಿನ ಇನ್ನೊಂದು ಕೆಲಸ ನಡೆಯಿತು. ಏಪ್ರಿಲ್ ಕೊನೆಗೆ ನಮ್ಮ ನೆತ್ತಿಗೇ ಬರುವ ಸೂರ್ಯ, ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ಎಷ್ಟು ವಾಲಿರುತ್ತಾನೆಂದರೆ ನಡುಮಧ್ಯಾಹ್ನವೂ ದಿಗಂತದಿಂದ ಸುಮಾರು 51 ಡಿಗ್ರಿ ಕೋನಕ್ಕಿಂತ ಮೇಲೆ ಏರುವುದಿಲ್ಲ. ನೆಲದಿಂದ 7 ಅಡಿ ಎತ್ತರಕ್ಕೆ ಮುಗಿಯುವ ಕಿಟಕಿ, ಒಂದೂವರೆ ಅಡಿ ಸಜ್ಜಾ, 9 ಇಂಚಿನ ಗೋಡೆ ಇದ್ದರೂ ಬಿಸಿಲು 3 ಅಡಿ ಒಳಗೆ ಬರುತ್ತದೆ. ಹತ್ತಕ್ಕೆ, ಹನ್ನೆರಡೂವರೆಗೆ, ಮೂರಕ್ಕೆ ಬಿಸಿಲು ಬಿದ್ದ ಜಾಗಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದೆವು. ಬೆಳಿಗ್ಗೆ ಪಡುವಣ ಗೋಡೆಯ ಕಡೆ, ಮಧ್ಯಾಹ್ನದ ಮೇಲೆ ಮೂಡಣದ ಕಡೆ. ಹಿರಿಯರ ಕುರ್ಚಿ, ಕೂಸಿನ ಹಾಸಿಗೆ ಎಲ್ಲಿ ಇಡಬೇಕು ಅನ್ನುವುದಕ್ಕೆ ಆ ಗೆರೆಯೇ ಸಾಕ್ಷಿ. ಗೆರೆಯೊಳಗಿದ್ದ ಸೋಫಾವನ್ನು ಆಚೆ ತಳ್ಳಬೇಕಾಯಿತು, ಮನೆಯಲ್ಲಿ ಸಣ್ಣ ಜಗಳವೂ ಆಯಿತು. ಪರದೆ ಎಂಟಕ್ಕೆ ತೆರೆದು ಸಂಜೆ ಐದೂವರೆಗೆ ಮುಚ್ಚಬೇಕು. ನೆಲ ಒರೆಸುವುದು, ಅಂಗಳ ಸಾರಿಸುವುದು ಹನ್ನೊಂದರೊಳಗೆ ಮುಗಿಯಲಿ. ಸಂಜೆ ಒರೆಸಿದ ನೀರು ಆರುತ್ತ ಆರುತ್ತ ಕಲ್ಲಿನಲ್ಲಿ ಉಳಿದ ಕಾವನ್ನೂ ಒಯ್ಯುತ್ತದೆ.

ಬಾಗಿಲ ಕೆಳಗಿನ ಸಂದಿಗೆ ಹಳೇ ಪ್ಯಾಂಟಿನ ಕಾಲೊಂದು ಸಾಕು. ಚಿಂದಿ ತುರುಕಿ, ಎರಡೂ ತುದಿಗೆ ಒಂದೊಂದು ಹಿಡಿ ಮರಳು ಹಾಕಿ ಹೊಲಿದರೆ ಜಾರದೆ ಕೂರುತ್ತದೆ. ಹಾಗಂತ ಎಲ್ಲವನ್ನೂ ಮುಚ್ಚಬೇಡಿ. ಹನ್ನೆರಡು ಜನ ಮಲಗುವ ಕೋಣೆಗೆ ಗಾಳಿ ಬೇಕು. ಮಲಗಿದವರ ಮೇಲೆ ಗಾಳಿ ಬೀಸದಂತೆ ಎತ್ತರದ ಒಂದು ಕಿಂಡಿ ತೆರೆದಿಟ್ಟೆವು.

ಇಲ್ಲೇ ಕೆಂಡದ ಮಾತು. ಬಾಣಂತಿ ಇದ್ದಾಳೆ, ಅಜ್ಜಿ ಇದ್ದಾಳೆ ಅಂತ ಬುಟ್ಟಿ ಕೆಂಡ ಕೋಣೆಯೊಳಗಿಟ್ಟು ಬಾಗಿಲು ಹಾಕುವ ರೂಢಿ ಇನ್ನೂ ಹೋಗಿಲ್ಲ. ಹೊಗೆ ನಿಂತಿದೆ, ಇನ್ನು ಭಯವಿಲ್ಲ ಅನ್ನುತ್ತಾರೆ. ಹೊಗೆ ನಿಂತ ಕೆಂಡವೇ ಹೆಚ್ಚು ಮೋಸದ್ದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿಯೇ ಇರುವುದಿಲ್ಲ. ಕೆಂಡ ಅಂಗಳದಲ್ಲಿರಲಿ, ಕಾಯಿಸಿಕೊಂಡವರು ಒಳಗೆ ಬರಲಿ. ರೂಮ್ ಹೀಟರ್ ತರೋಣ ಅಂದವರಿಗೆ ಲೆಕ್ಕ ಕೊಟ್ಟೆವು. 2000 ವ್ಯಾಟಿನದು ಆರು ತಾಸು ಉರಿದರೆ 12 ಯೂನಿಟ್. ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು, ಮೊಬೈಲ್ ಚಾರ್ಜಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದರೆ ವೈರು ಕರಗುತ್ತದೆ. ಶಿವರಾತ್ರಿಗೆ ಶಿವಶಿವಾ ಅಂತ ಹೋಗುವ ಚಳಿಗೆ ಅಷ್ಟೊಂದು ದುಡ್ಡು ಯಾಕೆ?

ಸ್ನಾನದ ನೀರಿಗೆ ಹಂಡೆಯೇ ಸರಿ. 1500 ವ್ಯಾಟಿನ ರಾಡು 20 ಲೀಟರಿನ ಒಂದು ಬಕೆಟ್ ಕಾಯಿಸಲು ಸುಮಾರು 20 ನಿಮಿಷ ತಗೊಳ್ಳುತ್ತದೆ. ಹನ್ನೆರಡು ಜನಕ್ಕೆ ನಾಲ್ಕು ತಾಸು, ಅಷ್ಟರಲ್ಲಿ ತೇರೇ ಎಳೆದಿರುತ್ತಾರೆ. ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ಭರ್ರನೆ ಹತ್ತಿಕೊಂಡು ಅಷ್ಟೇ ಬೇಗ ಆರುತ್ತದೆ, ಹೊತ್ತಿಸುವುದಕ್ಕೆ ಮಾತ್ರ ಅದು. ಮೇಲೆ ತೊಗರಿಕಟ್ಟಿಗೆ, ಕೊನೆಗೆ ಬಳ್ಳಾರಿ ಜಾಲಿಯ ಎರಡು ತುಂಡು. ಜಾಲಿಯ ಕೆಂಡ ನಿಧಾನಕ್ಕೆ ಆರುವುದರಿಂದ ಕೊನೆಗೆ ಮೀಯುವವರಿಗೂ ನೀರು ಬಿಸಿ ಸಿಗುತ್ತದೆ.

ಬೆಳಕಿನ ವಿಷಯ ಎರಡೇ ಮಾತು. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಪಡಸಾಲೆ ಆಸ್ಪತ್ರೆಯ ಹಾಗೆ ಕಾಣುತ್ತದೆ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಬರೆದ 9 ವ್ಯಾಟಿನ ಹಳದಿ ಬಲ್ಬನ್ನು ಕೂತವರ ತಲೆಮಟ್ಟಕ್ಕೆ ಹಚ್ಚಿದರೆ ಜನ ತಾವಾಗಿ ಅದರ ಸುತ್ತ ಕೂಡುತ್ತಾರೆ.

ಸಂಜೆಗೆ ಸಜ್ಜಿರೊಟ್ಟಿ. ಸಜ್ಜೆ ಹಿಟ್ಟಿನಲ್ಲಿ ಎಣ್ಣೆಯಂಶ ಜಾಸ್ತಿ, ಬೀಸಿಟ್ಟ ಕೆಲ ದಿನಕ್ಕೇ ಕಹಿಯಾಗುತ್ತದೆ. ಜಾತ್ರೆಗೆ ಅಂತ ಹತ್ತು ಕಿಲೋ ಒಮ್ಮೆಗೇ ಬೀಸಿಸಬೇಡಿ, ಎರಡೆರಡು ಕಿಲೋ ಸಾಕು. ಗೋಧಿಯ ಜಿಗುಟು ಇದಕ್ಕಿಲ್ಲ, ಹಾಗಾಗಿ ಹಿಟ್ಟಿನ ನಡುವೆ ಗುಂಡಿ ಮಾಡಿ ಮರಳುವ ಎಸರನ್ನೇ ಹಾಕಬೇಕು. ನೀರು ಬರೀ ಬಿಸಿಯಾಗಿದ್ದರೆ ರೊಟ್ಟಿಯ ಅಂಚು ಸೀಳುತ್ತದೆ. ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನೇ ಆಗಾಗ ನಾದಿ, ಬಡಿದು, ಹಂಚಿಗೆ ಹಾಕುವ ಮುಂಚೆ ಮೇಲೆ ಎಳ್ಳು ಒತ್ತಿ. ಎಳ್ಳಿನ ಕಡೆ ಮೇಲಿರುವಾಗಲೇ ಒದ್ದೆ ಬಟ್ಟೆಯಿಂದ ನೀರು ಸವರಿದರೆ ಎಳ್ಳು ಉದುರುವುದಿಲ್ಲ. ಜೊತೆಗೆ ಬದನೆಕಾಯಿ ಎಣ್ಣಿಗಾಯಿ, ಗುರೆಳ್ಳು ಹಿಂಡಿ, ಮೇಲೊಂದು ಉಂಡೆ ಬೆಣ್ಣೆ.

ಮಲಗುವ ಮುಂಚೆ ಹಾಸಿಗೆ ಒಂದೊಂದರ ಕೆಳಗೂ ಅಂಗೈ ತೂರಿಸಿ ನೋಡಿದೆವು. ಕಿಟಕಿ ಪಕ್ಕದ ಎರಡು ಇನ್ನೂ ತಣ್ಣಗಿದ್ದವು, ಅಲ್ಲಿ ರಟ್ಟು ಇನ್ನೊಂದು ಪದರ ಬಿತ್ತು. ಸೋಮವಾರ ನೆಲ ಒರೆಸುವವರಿಗೆ ಹೇಳಬೇಕಾದದ್ದು ಒಂದೇ: ಚಾಕ್‌ಪೀಸಿನ ಗೆರೆ ಬಿಟ್ಟು ಒರೆಸಿ, ದೊಡ್ಡಮ್ಮ ಬರುವವರೆಗೆ ಅದು ಇರಲಿ.