ತೈಪೆ ರಾತ್ರಿ ಸಂತೆಯಲ್ಲಿ 1,400 ರೂಪಾಯಿಯ ಸೀಬೆಹಣ್ಣು

ಶಿಲಿನ್ ರಾತ್ರಿ ಸಂತೆಗೆ ಹೋಗುವವರು ಶಿಲಿನ್ ನಿಲ್ದಾಣದಲ್ಲಿ ಇಳಿಯಬಾರದು, ಮೆಟ್ರೊದ ಕೆಂಪು ಮಾರ್ಗದಲ್ಲಿ ಅದರ ಪಕ್ಕದ ಜಿಯಾನ್‌ತಾನ್ ಹತ್ತಿರ ಎಂದು ನಮಗೆ ಎಲ್ಲರೂ ಹೇಳಿದ್ದರು. ಹಣ್ಣಿನ ಅಂಗಡಿಯ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ.

ಸೀಬೆ, ಸೀತಾಫಲ ಕಂಡು ಹೆಂಡತಿ ನಿಂತಳು. ಫಲಕದ ಮೇಲೆ ದೊಡ್ಡದಾಗಿ 100 ಎಂದಿತ್ತು. ಕಿಲೋಗೆ ಇರಬೇಕು ಎಂದುಕೊಂಡೆವು. ಅಂಗಡಿಯವನು ರುಚಿಗೆ ಒಂದೊಂದು ಹೋಳು ಕೊಟ್ಟ. ನಾವು ತಲೆಯಾಡಿಸುವಷ್ಟರಲ್ಲಿ ಹಣ್ಣುಗಳನ್ನು ಕತ್ತರಿಸಿ ಚೀಲಕ್ಕೆ ತುಂಬಿ, ಆಮೇಲೆ ತೂಕಕ್ಕಿಟ್ಟ. 500 ಡಾಲರ್! ತೈವಾನಿನ ಡಾಲರ್ ನಮ್ಮ ಮೂರು ರೂಪಾಯಿಗೆ ಸ್ವಲ್ಪ ಕಡಿಮೆ, ಅಂದರೆ ಹತ್ತಿರ ಹತ್ತಿರ 1,400 ರೂಪಾಯಿ. ಹೋಳು ಮಾಡಿದ ಹಣ್ಣು ಬೇಡವೆನ್ನುವುದು ಹೇಗೆ? ಕೊಟ್ಟು ಬಂದೆವು. ಅಲ್ಲಿನ ಸಂತೆಯ ಅಳತೆ ಕಿಲೋ ಅಲ್ಲ, ‘ಜಿನ್’. ಒಂದು ಜಿನ್ ಎಂದರೆ 600 ಗ್ರಾಂ. ನಮ್ಮ ಫಲಕದ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ‘ಅರ್ಧ ಜಿನ್’ ಎಂದು ಬರೆದಿತ್ತಂತೆ. ವಸತಿಗೃಹದ ಹುಡುಗಿ ನನ್ನ ಮೊಬೈಲಿನ ಚಿತ್ರ ನೋಡಿ ನಕ್ಕು ಹೇಳಿದಳು. ಆದ್ದರಿಂದ ಮೊದಲು ತೂಗಿಸಿ, ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ತೋರಿಸಲು ಹೇಳಿ. ಚಾಕು ಆಮೇಲೆ.

ಆ ಹಣ್ಣನ್ನು ಮೆಟ್ರೊದಲ್ಲಿ ಬಾಯಿಗೆ ಹಾಕಿಕೊಳ್ಳುವಂತೆಯೂ ಇರಲಿಲ್ಲ. ಅಲ್ಲಿ ತಿಂದರೆ, ನೀರು ಕುಡಿದರೂ ಸರಿ, ದಂಡ 1,500ರಿಂದ 7,500 ಡಾಲರ್ ತನಕ.

ರಾವ್‌ಹೆ ಸಂತೆ ಹಸಿರು ಮಾರ್ಗದ ಕೊನೆಯ ನಿಲ್ದಾಣ ಸೊಂಗ್‌ಶಾನ್‌ನಲ್ಲಿದೆ. ಬಾಗಿಲಲ್ಲೇ ಸಮುದ್ರದೇವಿ ಮಾಜುವಿನ ದೇವಾಲಯ, ದೀಪಗಳ ಬೆಳಕಿನಲ್ಲಿ ಅದರ ಮಾಡನ್ನು ನೋಡುತ್ತ ನಿಲ್ಲಬಹುದು. ಒಳಗೆ ಒಂದೇ ಬೀದಿ, ಜನ ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಬರುತ್ತಾರೆ. ಶನಿವಾರ ರಾತ್ರಿ ನಡೆಯಬೇಕಾಗಿಯೇ ಇರಲಿಲ್ಲ, ಹಿಂದಿನವರೇ ತಳ್ಳಿಕೊಂಡು ಹೋದರು. ನೂಕುನುಗ್ಗಲು ನನಗೆ ಊರ ತೇರಿನಲ್ಲೂ ಆಗದು. ಅರ್ಧದಲ್ಲೇ ಹೊರಬಿದ್ದೆವು. ನಿಂಗ್‌ಶಿಯಾ ಚಿಕ್ಕ ಸಂತೆ, ನನ್ನಂಥವರಿಗೆ ಅದೇ ಸಾಕು. ಅಲ್ಲಿ ಕೆಸುವಿನ ಗೆಡ್ಡೆಯ ಕರಿದ ಉಂಡೆ ಬಹಳ ಚೆನ್ನಾಗಿರುತ್ತದೆ. ಆದರೆ ಅದರಲ್ಲಿ ಎರಡು ಬಗೆ: ಒಂದು ಸಾದಾ, ಇನ್ನೊಂದರ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ, ಹಂದಿಮಾಂಸ. ಸಸ್ಯಾಹಾರಿಗಳು ಕೇಳಿಯೇ ಕೊಳ್ಳಬೇಕು. ನಾರುವ ತೋಫುವಿನ ಬಗ್ಗೆ ಏನೂ ಹೇಳಲಾರೆ, ಹತ್ತಡಿ ದೂರದಲ್ಲೇ ಮೂಗು ಮುಚ್ಚಿಕೊಂಡೆ.

‘ವೋ ಛೀ ಸು’ ಎಂದರೆ ‘ನಾನು ಸಸ್ಯಾಹಾರಿ’. ಛೀ ಎಂದರೆ ತಿನ್ನುವುದು, ನಾಚಿಕೊಳ್ಳದೆ ಹೇಳಿ. ಈ ‘ಸು’ ಎಂಬ ಅಕ್ಷರವನ್ನೋ ಸ್ವಸ್ತಿಕವನ್ನೋ ಬಾಗಿಲಿಗೆ ಹಾಕಿದ ಊಟದ ಮನೆಗಳು ಅಲ್ಲಿ ಬೇಕಾದಷ್ಟಿವೆ. ನಮ್ಮನ್ನು ಕಾಪಾಡಿದ್ದು ವಸತಿಗೃಹದ ಹಿಂದಿನ ಓಣಿಯಲ್ಲಿದ್ದ ಅಂಥದೊಂದು. ಉದ್ದನೆಯ ಮೇಜಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಪಲ್ಯಗಳು: ಬದನೆ, ಹಾಗಲ, ಕುಂಬಳ, ಅಣಬೆ, ಹೆಸರು ಗೊತ್ತಿಲ್ಲದ ನಾಲ್ಕೈದು ಸೊಪ್ಪು. ಬೌದ್ಧರ ಪದ್ಧತಿಯಂತೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಶುಂಠಿಯ ಒಗ್ಗರಣೆಯ ಹಾಗಲಕಾಯಿಯನ್ನಂತೂ ಹೆಂಡತಿ ಮೂರು ಸಲ ಬಡಿಸಿಕೊಂಡಳು. ತಟ್ಟೆಯನ್ನು ತೂಗಿ ಹಣ ಪಡೆಯುತ್ತಾರೆ. ಇಬ್ಬರಿಗೆ ಸೇರಿ 190 ಡಾಲರ್, ಸಾರು ಬೇಕಾದಷ್ಟು ಉಚಿತ. ಮಾಲಕಿ ಅಜ್ಜಿ ನಾವು ಬಂದಾಗಲೆಲ್ಲ ಮೆಣಸಿನಕಾಯಿಯ ಡಬ್ಬಿಯನ್ನು ತಾನಾಗಿಯೇ ಎದುರಿಗೆ ತಂದಿಡುತ್ತಿದ್ದಳು. ಏಳೂವರೆಯಾದರೆ ಪಾತ್ರೆಗಳ ತಳ ಕಾಣುತ್ತದೆ. ಆರಕ್ಕೇ ಉಂಡು, ಆಮೇಲೆ ಸಂತೆಗೆ ಹೋಗಿ.